ಸೂಜಿ ಮಾತಾಡುವುದು ನರದ ಜತೆ, ಡಿಸ್ಕ್‌ನ ಜತೆ ಅಲ್ಲ

ಮಾನ್ಯ ಸಂಪಾದಕರೇ,

ಸೊಂಟನೋವಿಗೆ ಅಕ್ಯುಪಂಕ್ಚರ್ ಕುರಿತು ನಿಮ್ಮ ಆರೋಗ್ಯ ಪುರವಣಿಯಲ್ಲಿ ಬಂದ ಲೇಖನವನ್ನೂ ಅದಕ್ಕೆ ಓದುಗರು ಬರೆದ ಎರಡು ಪತ್ರಗಳನ್ನೂ ಓದಿದೆವು. ಸೂಜಿ ಚುಚ್ಚಿದರೆ ಕಟ್ಟಿಕೊಂಡ ಶಕ್ತಿ ಹರಿಯತೊಡಗಿ ಸವೆದ ಡಿಸ್ಕ್ ಸರಿಹೋಗುತ್ತದೆ ಎಂದು ಲೇಖನ ಹೇಳುತ್ತದೆ. ಒಂದು ಪತ್ರ ಅದಕ್ಕೆ ತಲೆದೂಗಿದರೆ, ಇನ್ನೊಂದು ಎಲ್ಲವೂ ಮನಸ್ಸಿನ ಭ್ರಮೆ ಎಂದು ತಳ್ಳಿಹಾಕುತ್ತದೆ. ಮೂವರೂ ನರವನ್ನು ಮರೆತಿದ್ದಾರೆ. ನೋವಿನ ಸುದ್ದಿ ಮಿದುಳಿಗೆ ಹೋಗುವ ದಾರಿಯಿದೆಯಲ್ಲ, ಸೂಜಿ ಕೈ ಹಾಕುವುದು ಅಲ್ಲಿ. ಹಾಗಾಗಿ ಮಾತ್ರೆಗಿರುವಂತೆ ಸೂಜಿಗೂ ಒಂದು ಪ್ರಮಾಣವಿದೆ: ಎಷ್ಟು ಆಳ, ಎಷ್ಟು ಹೊತ್ತು, ವಾರಕ್ಕೆ ಎಷ್ಟು ಸಲ, ಯಾವಾಗ ನಿಲ್ಲಿಸಬೇಕು. ಅದನ್ನು ಹೇಳದೆ ಸೂಜಿಯನ್ನು ಹೊಗಳಿದರೂ ತೆಗಳಿದರೂ ರೋಗಿಗೆ ಏನೂ ದಕ್ಕುವುದಿಲ್ಲ.

ಮೊದಲು ನೋವಿನ ವಿಷಯ. ಕಾದ ದೋಸೆ ಹೆಂಚಿಗೆ ಬೆರಳು ತಾಗಿದಾಗ ಚುರ್ ಎಂದು ಒಂದು ನೋವು ಬರುತ್ತದೆ. ಕೈ ಹಿಂದೆಗೆದ ಮೇಲೆ ನಿಧಾನವಾಗಿ ಉರಿ ಹತ್ತುತ್ತದೆ. ಮೊದಲನೆಯದನ್ನು ಒಯ್ಯುವುದು ಎ-ಡೆಲ್ಟಾ ಎಂಬ ತೆಳು ಹೊದಿಕೆಯ ನರತಂತುಗಳು, ಸೆಕೆಂಡಿಗೆ 5ರಿಂದ 30 ಮೀಟರ್ ವೇಗದಲ್ಲಿ. ಎರಡನೆಯದು ಹೊದಿಕೆಯೇ ಇಲ್ಲದ ಸಿ ತಂತುಗಳದು, ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮೀಟರ್. ಎರಡೂ ಬೆನ್ನುಹುರಿಯ ಹಿಂಬದಿಯ ‘ಕೊಂಬು’ ಎಂಬ ಭಾಗಕ್ಕೆ ಬಂದು ಅಲ್ಲಿನ ನರಕೋಶಗಳಿಗೆ ಸುದ್ದಿ ಒಪ್ಪಿಸುತ್ತವೆ. ಬೆನ್ನುಹುರಿ ಅದನ್ನು ಸುಮ್ಮನೆ ಮೇಲಕ್ಕೆ ರವಾನಿಸುವ ಅಂಚೆಯಣ್ಣನಲ್ಲ. ಹಿಗ್ಗಿಸುವುದೂ ಕುಗ್ಗಿಸುವುದೂ ಅಲ್ಲೇ ನಡೆಯುತ್ತದೆ. ಮೊಣಕೈ ಬಾಗಿಲಿಗೆ ಬಡಿದರೆ ನಾವು ತಕ್ಷಣ ಉಜ್ಜಿಕೊಳ್ಳುತ್ತೇವಲ್ಲ, ಆ ಸ್ಪರ್ಶದ ಸುದ್ದಿ ಹೊತ್ತ ದಪ್ಪ ತಂತುಗಳು ನೋವಿನ ಸುದ್ದಿಗೆ ಬಾಗಿಲು ಓರೆ ಮಾಡುತ್ತವೆ. ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮುಂದಿಟ್ಟ ‘ಗೇಟ್ ಕಂಟ್ರೋಲ್’ ಸಿದ್ಧಾಂತದ ತಿರುಳು ಇದೇ. ವಿವರಗಳು ಆಮೇಲೆ ಸಾಕಷ್ಟು ತಿದ್ದುಪಡಿಯಾದವು, ಬಾಗಿಲು ಮಾತ್ರ ಉಳಿಯಿತು.

ಮೂರು ತಿಂಗಳು ದಾಟಿದ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ಇಷ್ಟು ದಿನ ಒಂದೇ ಸಮನೆ ಸುದ್ದಿ ಬರುತ್ತಿದ್ದರೆ ಬೆನ್ನುಹುರಿಯ ಕೋಶಗಳು ಚುರುಕಾಗಿಬಿಡುತ್ತವೆ. ಸಣ್ಣ ಸುದ್ದಿಗೂ ದೊಡ್ಡ ಕೂಗು ಹಾಕುತ್ತವೆ. ಮೇಲಿಂದ ನೋವನ್ನು ತಡೆಯುವ ವ್ಯವಸ್ಥೆಯೂ ಸೋಲುತ್ತದೆ. ಎಂಆರ್‌ಐಯಲ್ಲಿ ಡಿಸ್ಕ್ ಎರಡು ವರ್ಷದಿಂದ ಒಂದೇ ರೀತಿ ಕಂಡರೂ ನೋವು ಹೆಚ್ಚುತ್ತಾ ಹೋಗುವುದು ಇದರಿಂದಲೇ. ಡಿಸ್ಕ್ ಉಬ್ಬಿದ್ದರೂ ಒಂದು ದಿನವೂ ನೋವು ಕಾಣದವರು ಬೇಕಾದಷ್ಟು ಜನ ಇದ್ದಾರೆ. ಸೂಜಿಗೆ ಕೆಲಸವಿರುವುದು ಈ ಚುರುಕುಗೊಂಡ ನರವ್ಯೂಹದಲ್ಲಿ. ಸವೆದ ಮೂಳೆಯನ್ನು ಅದು ಬೆಳೆಸುವುದಿಲ್ಲ, ಜಾರಿದ ಡಿಸ್ಕನ್ನು ಒಳಕ್ಕೆ ತಳ್ಳುವುದಿಲ್ಲ.

ಈಗ ಒಂದೇ ಒಂದು ಸೂಜಿಯನ್ನು ಹತ್ತಿರದಿಂದ ನೋಡೋಣ. ಅಕ್ಯುಪಂಕ್ಚರ್ ಸೂಜಿ ಇಂಜೆಕ್ಷನ್ ಸೂಜಿಯಂತೆ ಟೊಳ್ಳಲ್ಲ, ಗಟ್ಟಿ ಸ್ಟೀಲ್ ತಂತಿ. ಸಾಮಾನ್ಯವಾಗಿ ಬಳಸುವುದು 0.25 ಮಿ.ಮೀ. ದಪ್ಪ, 40 ಮಿ.ಮೀ. ಉದ್ದದ್ದು. 22 ಗೇಜಿನ ಇಂಜೆಕ್ಷನ್ ಸೂಜಿ ಸುಮಾರು 0.7 ಮಿ.ಮೀ. ದಪ್ಪ ಎಂದರೆ ವ್ಯತ್ಯಾಸ ಗೊತ್ತಾದೀತು. ಮೊಣಕಾಲ ಚಿಪ್ಪಿನ ಕೆಳಗೆ, ಹೊರಬದಿಯ ಗುಳಿಯಿಂದ ರೋಗಿಯದೇ ನಾಲ್ಕು ಬೆರಳಗಲ ಇಳಿದು, ಮೊಳಕಾಲ ಮೂಳೆಯ ಅಂಚಿನಿಂದ ಒಂದು ಬೆರಳು ಹೊರಗೆ ಸರಿದರೆ ಸಿಗುವ ಬಿಂದುವನ್ನು ಚೀನೀಯರು ಜುಸಾನ್‌ಲಿ ಎನ್ನುತ್ತಾರೆ, ಪಠ್ಯಪುಸ್ತಕಗಳಲ್ಲಿ ಅದು ಸ್ಟಮಕ್ 36. ಅಳತೆಗೆ ರೋಗಿಯ ಬೆರಳೇ ಬೇಕು, ಚುಚ್ಚುವವರದಲ್ಲ. ಆರಡಿ ವೈದ್ಯರ ಬೆರಳಿಂದ ಐದಡಿಯ ಅಜ್ಜಿಯ ಕಾಲು ಅಳೆದರೆ ಬಿಂದು ತಪ್ಪುತ್ತದೆ. ಸೂಜಿ ಚರ್ಮ ದಾಟುವಾಗ ಇರುವೆ ಕಚ್ಚಿದಷ್ಟು ಚುರುಕು. ಆಮೇಲೆ ಎರಡೂವರೆ ಮೂರು ಸೆಂಟಿಮೀಟರ್ ಇಳಿದು ಸ್ನಾಯುವಿನೊಳಗೆ ಸೇರಿ, ಬೆರಳ ತುದಿಯಲ್ಲಿ ಅದನ್ನು ಅತ್ತಿತ್ತ ತಿರುಗಿಸಿದಾಗ ಬೇರೆಯೇ ಅನುಭವ: ಕಾಲು ಭಾರವಾದಂತೆ, ಜೋಮು ಹಿಡಿದಂತೆ, ಒಳಗೊಳಗೇ ಮಂದವಾಗಿ ನೋಯುತ್ತಾ ಪಾದದ ಕಡೆಗೆ ಹರಡಿದಂತೆ. ಇದಕ್ಕೆ ಚೀನೀ ಹೆಸರು ‘ದೆಚಿ’. ಚುಚ್ಚುವವರ ಬೆರಳಿಗೂ ಅದು ಗೊತ್ತಾಗುತ್ತದೆ, ಗಾಳಕ್ಕೆ ಮೀನು ಕಚ್ಚಿದ ಹಾಗೆ ಸೂಜಿ ಹಿಡಿದುಕೊಳ್ಳುತ್ತದೆ. ಮೆಲ್ಲಗೆ ಎಳೆದರೆ ಚರ್ಮ ಗುಡಾರದಂತೆ ಮೇಲೇಳುತ್ತದೆ. ಅಮೆರಿಕದ ಹೆಲೀನ್ ಲ್ಯಾಂಜವಿನ್ ಅವರ ತಂಡ ಇದನ್ನು ಅಳೆದು ನೋಡಿತು: ತಿರುಗಿಸಿದಾಗ ಚರ್ಮದಡಿಯ ಕೂಡುಅಂಗಾಂಶದ ಎಳೆಗಳು ಕದಿರಿಗೆ ನೂಲು ಸುತ್ತಿದಂತೆ ಸೂಜಿಗೆ ಸುತ್ತಿಕೊಳ್ಳುತ್ತವೆ. ಆ ಎಳೆತವೇ ಸುತ್ತಲಿನ ನರತುದಿಗಳನ್ನು ಕೆರಳಿಸುತ್ತದೆ.

ಇದು ನರದ ಕೆಲಸವೇ ಎಂಬುದಕ್ಕೆ ಅತಿ ಸರಳವಾದ ಸಾಕ್ಷ್ಯ 1973ರಷ್ಟು ಹಳೆಯದು. ಹೆಬ್ಬೆರಳು ತೋರುಬೆರಳುಗಳ ನಡುವಿನ ಹೆಗು ಬಿಂದುವಿನಲ್ಲಿ ಸ್ನಾಯುವಿನ ಆಳಕ್ಕೆ ಮೊದಲೇ ಪ್ರೊಕೇನ್ ಎಂಬ ಮರಗಟ್ಟಿಸುವ ಮದ್ದು ಕೊಟ್ಟು ಆಮೇಲೆ ಸೂಜಿ ಚುಚ್ಚಿದರೆ ನೋವು ತಗ್ಗಲಿಲ್ಲ ಎಂದು ಚೀನಾದ ಸಂಶೋಧಕರು ತೋರಿಸಿದರು. ಮದ್ದನ್ನು ಚರ್ಮದಡಿಗೆ ಮಾತ್ರ ಕೊಟ್ಟಾಗ ಸೂಜಿಯ ಪರಿಣಾಮ ಹಾಗೇ ಇತ್ತು. ಸ್ನಾಯುವಿನ ನರ ಸತ್ತಲ್ಲಿ ಸೂಜಿಯೂ ಸತ್ತಂತೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಪೂರ್ತಿ ಹೋದವರಿಗೆ ಅದೇ ಪಾದದಲ್ಲಿ ಸೂಜಿ ಚುಚ್ಚಿ ದೊಡ್ಡ ಫಲ ನಿರೀಕ್ಷಿಸಬಾರದು ಎನ್ನುವುದು ಇದೇ ಕಾರಣಕ್ಕೆ. ಆ ಕಾಲಿಗೆ ಶಾಖ ಕೊಡುವ ಮಾಕ್ಸಾ ಬತ್ತಿಯನ್ನಂತೂ ಹತ್ತಿರ ತರಲೇಬಾರದು. ಸುಟ್ಟರೂ ರೋಗಿಗೆ ತಿಳಿಯುವುದಿಲ್ಲ.

ಚುಚ್ಚಿದ ಜಾಗದಲ್ಲಿ ನಡೆಯುವುದೇನು? ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ವಿಶ್ವವಿದ್ಯಾಲಯದ ತಂಡ 2010ರಲ್ಲಿ ಇಲಿಗಳ ಜುಸಾನ್‌ಲಿ ಬಿಂದುವಿನಲ್ಲಿ ಇದನ್ನು ನೋಡಿತು. ಸೂಜಿಯನ್ನು ಆಗಾಗ ತಿರುಗಿಸುತ್ತಾ ಅರ್ಧ ಗಂಟೆ ಇಟ್ಟಾಗ ಸುತ್ತಲಿನ ದ್ರವದಲ್ಲಿ ಅಡೆನೊಸಿನ್ ಎಂಬ ವಸ್ತು ಇಪ್ಪತ್ತು ಪಟ್ಟು ಮೀರಿ ಏರಿತು. ಅದು ನರದ ಮೇಲಿನ ಎ-1 ಎಂಬ ಗ್ರಾಹಕದ (ರಿಸೆಪ್ಟರ್) ಮೂಲಕ ಪಕ್ಕದ ನೋವಿನ ನರವನ್ನು ಮಂಕಾಗಿಸಿತು. ಆ ಗ್ರಾಹಕವೇ ಇಲ್ಲದ ಇಲಿಗಳಲ್ಲಿ ಸೂಜಿ ಫಲ ಕೊಡಲಿಲ್ಲ. ಚುಚ್ಚಿ ತಿರುಗಿಸದೆ ಬಿಟ್ಟಾಗಲೂ ಕೊಡಲಿಲ್ಲ. ಕಾಫಿಯ ಕೆಫೀನ್ ತಡೆಯುವುದೂ ಅಡೆನೊಸಿನ್ ಗ್ರಾಹಕಗಳನ್ನೇ. ಇಲಿಯ ಮಾತನ್ನು ಮನುಷ್ಯರಿಗೆ ನೇರವಾಗಿ ಅನ್ವಯಿಸಲಾಗದು ನಿಜ, ಆದರೂ ಸೂಜಿಗೆ ಹೋಗುವ ಮುಂಚಿನ ಒಂದು ಲೋಟ ಸ್ಟ್ರಾಂಗ್ ಕಾಫಿಯನ್ನು ಮುಂದೂಡಿದರೆ ಕಳೆದುಕೊಳ್ಳುವುದೇನೂ ಇಲ್ಲ. ಮೈಸೂರಿನವರಿಗೆ ಇದನ್ನು ಹೇಳುವುದು ಕಷ್ಟ ಅಷ್ಟೆ.

ಎರಡನೆಯ ಕೆಲಸ ಬೆನ್ನುಹುರಿಯಲ್ಲಿ. ಮಂಡಿಯ ನರಗಳು ಬೆನ್ನುಹುರಿಯ ಯಾವ ಕಂತೆಗೆ ಸೇರುತ್ತವೋ ಅದೇ ಕಂತೆಗೆ ಸೇರುವ ಸ್ನಾಯುಗಳಲ್ಲಿ ಚುಚ್ಚಿದರೆ ಬಾಗಿಲು ಓರೆಯಾಗುವುದು ಅಲ್ಲಿಯೇ. ಮಂಡಿನೋವಿಗೆ ಮಂಡಿಯ ಸುತ್ತಲೇ ನಾಲ್ಕೈದು ಸೂಜಿ ಹಾಕುವುದರ ಹಿಂದಿನ ಲೆಕ್ಕ ಇದು. ಮೂರನೆಯದು ಮೇಲಿನಿಂದ ಕೆಳಕ್ಕೆ. ಸೂಜಿಯ ಸುದ್ದಿ ನಡುಮಿದುಳಿನ ಪೆರಿಆಕ್ವಿಡಕ್ಟಲ್ ಗ್ರೇ ಎಂಬ ಬೂದು ಭಾಗಕ್ಕೆ ಮುಟ್ಟಿದಾಗ ಅಲ್ಲಿಂದ ಮೆಡುಲ್ಲಾ ಮೂಲಕ ಬೆನ್ನುಹುರಿಗೆ ಇಳಿಯುವ ತಂತುಗಳು ಸಿರೊಟೋನಿನ್, ನಾರ್‌ಅಡ್ರಿನಲಿನ್ ಸುರಿಸಿ ನೋವಿನ ಸುದ್ದಿಯನ್ನು ತಡೆಯುತ್ತವೆ. ದೇಹದ್ದೇ ಅಫೀಮು ಎನ್ನಬಹುದಾದ ಎಂಕೆಫಲಿನ್ 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಪತ್ತೆಯಾಯಿತು. ಎರಡೇ ವರ್ಷದಲ್ಲಿ, 1977ರಲ್ಲಿ, ಡೇವಿಡ್ ಮೇಯರ್ ತಂಡ ಹೆಗು ಬಿಂದುವಿನ ಸೂಜಿಯಿಂದ ತಗ್ಗಿದ ಹಲ್ಲಿನ ನೋವು ನಾಲೊಕ್ಸೋನ್ ಕೊಟ್ಟಾಗ ಮರಳುವುದನ್ನು ತೋರಿಸಿತು. ನಾಲೊಕ್ಸೋನ್ ಎಂದರೆ ಮಾರ್ಫಿನ್ ವಿಷವೇರಿದವರಿಗೆ ಕೊಡುವ ಪ್ರತಿಮದ್ದು. ಅಂದರೆ ಸೂಜಿ ತೆರೆದದ್ದು ಮಾರ್ಫಿನ್ ತೆರೆಯುವ ಬೀಗವನ್ನೇ.

‘ಭ್ರಮೆ’ ಎಂದು ಬರೆದ ಓದುಗರು ಇಲ್ಲಿ ತುಸು ನಿಲ್ಲಬೇಕು. 1978ರಲ್ಲಿ ಹಲ್ಲು ಕೀಳಿಸಿಕೊಂಡವರ ಮೇಲೆ ನಡೆದ ಪ್ರಯೋಗದಲ್ಲಿ ಬರೀ ನಂಬಿಕೆಯಿಂದ ಇಳಿದ ನೋವನ್ನೂ ಅದೇ ನಾಲೊಕ್ಸೋನ್ ತಡೆಯಿತು. ನಂಬಿಕೆಗೂ ನರವಿದೆ, ರಾಸಾಯನಿಕವಿದೆ. ಹಾಗೆಂದು ಸೂಜಿಯದೆಲ್ಲ ನಂಬಿಕೆಯೇ ಎನ್ನಲಾಗದು. ಸೂಜಿಯದೆಷ್ಟು, ನಂಬಿಕೆಯದೆಷ್ಟು ಎಂದು ಬಿಡಿಸುವುದು ಕಷ್ಟ ಎಂದಷ್ಟೇ ಅರ್ಥ.

ಆ ಕಷ್ಟ ಎಷ್ಟು ಎಂಬುದಕ್ಕೆ ಜರ್ಮನಿಯ ಒಂದು ದೊಡ್ಡ ಅಧ್ಯಯನ ನೋಡಿ. 2007ರಲ್ಲಿ ಪ್ರಕಟವಾದ ಅದರಲ್ಲಿ ದೀರ್ಘಕಾಲದ ಸೊಂಟನೋವಿನ 1,162 ಮಂದಿ ಇದ್ದರು. ಆರು ತಿಂಗಳ ಬಳಿಕ, ಸರಿಯಾದ ಬಿಂದುಗಳಲ್ಲಿ ಆಳಕ್ಕೆ ಸೂಜಿ ಹಾಕಿಸಿಕೊಂಡವರಲ್ಲಿ ನೂರಕ್ಕೆ 47.6 ಮಂದಿಗೆ ಗುಣ ಕಂಡಿತ್ತು. ಬಿಂದುಗಳಲ್ಲದ ಕಡೆ ಮೇಲೆಮೇಲೆ ಚುಚ್ಚಿಸಿಕೊಂಡವರಲ್ಲಿ 44.2. ಮಾತ್ರೆ, ಫಿಸಿಯೊಥೆರಪಿ, ವ್ಯಾಯಾಮದ ಮಾಮೂಲು ಚಿಕಿತ್ಸೆ ಪಡೆದವರಲ್ಲಿ 27.4. ಸೂಜಿಯ ಪರ ಇರುವವರು ಮೊದಲನೆಯ ಮತ್ತು ಮೂರನೆಯ ಅಂಕಿಯನ್ನು ಓದುತ್ತಾರೆ. ವಿರೋಧಿಗಳು ಮೊದಲ ಎರಡನ್ನು. ಮೂರನ್ನೂ ಒಟ್ಟಿಗೆ ಓದಿದರೆ ತಿಳಿಯುವುದು ಇಷ್ಟು: ಚುಚ್ಚುವುದರಿಂದ ಸೊಂಟನೋವಿಗೆ ಲಾಭವಿದೆ, ಆದರೆ ಬಿಂದು ಕೂದಲೆಳೆಯಷ್ಟು ನಿಖರವಾಗಿರಬೇಕು ಎಂಬ ವಾದಕ್ಕೆ ಬಲವಿಲ್ಲ. ಮೇಲೆಮೇಲೆ ಚುಚ್ಚಿದರೂ ಚರ್ಮದ ನರ ಕೆರಳುತ್ತದೆ, ಅದು ಸಕ್ಕರೆ ಗುಳಿಗೆಯಂಥ ಖಾಲಿ ಚಿಕಿತ್ಸೆಯಲ್ಲ. 2018ರಲ್ಲಿ 39 ಪ್ರಯೋಗಗಳ 20,827 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗಲೂ ನಿಜ ಸೂಜಿ ಹೋಲಿಕೆಗೆಂದು ಬಳಸುವ ಹುಸಿ ಸೂಜಿಗಿಂತ ಸ್ವಲ್ಪವೇ ಮೇಲು, ಸೂಜಿಯೇ ಇಲ್ಲದಿರುವುದಕ್ಕಿಂತ ಸಾಕಷ್ಟು ಮೇಲು ಎಂದೇ ಕಂಡಿತು. ಒಂದು ವರ್ಷದ ಬಳಿಕ ಲಾಭದಲ್ಲಿ ಕರಗಿದ್ದು ಸುಮಾರು ಶೇ 15 ಮಾತ್ರ.

ಹಾಗಾದರೆ ಎಲ್ಲಿ ಚುಚ್ಚಿದರೂ ಒಂದೇ ಎಂದುಕೊಳ್ಳುವಂತೆಯೂ ಇಲ್ಲ. ಮಣಿಕಟ್ಟಿನಲ್ಲಿ ಮೀಡಿಯನ್ ಎಂಬ ನರ ಒತ್ತಿಹೋಗುವ ಕಾರ್ಪಲ್ ಟನಲ್ ತೊಂದರೆಯಿದ್ದವರ ಮೇಲೆ ಬಾಸ್ಟನ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ ನಮಗೆ ಎಲ್ಲಕ್ಕಿಂತ ಹಿಡಿಸಿದ್ದು. ಅದರಲ್ಲಿ ಹುಸಿ ಸೂಜಿಯವರೂ ‘ಈಗ ಪರವಾಗಿಲ್ಲ’ ಎಂದರು. ಆದರೆ ಮೀಡಿಯನ್ ನರದಲ್ಲಿ ಸುದ್ದಿ ಸಾಗುವ ವೇಗ ಸುಧಾರಿಸಿದ್ದು, ಮಿದುಳಿನ ಸ್ಪರ್ಶನಕ್ಷೆಯಲ್ಲಿ ಒಂದಕ್ಕೊಂದು ಕಲಸಿಹೋಗಿದ್ದ ಬೆರಳುಗಳ ಜಾಗ ಮತ್ತೆ ದೂರ ಸರಿದದ್ದು ನಿಜ ಸೂಜಿಯವರಲ್ಲಿ. ನಕ್ಷೆ ಹೆಚ್ಚು ತಿದ್ದಿಕೊಂಡವರಿಗೆ ಮೂರು ತಿಂಗಳ ನಂತರವೂ ಆರಾಮ ಉಳಿದಿತ್ತು. ಬಾಯಿಮಾತಿನ ಗುಣ ಒಂದು, ನರದಲ್ಲಿ ಕಾಣುವ ಗುಣ ಇನ್ನೊಂದು.

ಇನ್ನು ಕರೆಂಟಿನ ಸೂಜಿ. ಎರಡು ಸೂಜಿಗಳಿಗೆ ಕ್ಲಿಪ್ ಹಾಕಿ ಸಣ್ಣ ಯಂತ್ರದಿಂದ ವಿದ್ಯುತ್ ಹಾಯಿಸುವ ಈ ಕ್ರಮದಲ್ಲಿ ಪ್ರಮಾಣ ಎಂಬುದು ಕಣ್ಣಿಗೆ ಕಾಣುವ ಸಂಖ್ಯೆಯಾಗುತ್ತದೆ. ಬೀಜಿಂಗ್‌ನ ಹಾನ್ ಜಿಶೆಂಗ್ ದಶಕಗಳ ಕಾಲ ತೋರಿಸಿದ್ದು ಇದನ್ನು: 2 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಎರಡು ಸಲ ಮಿಡಿದಾಗ, ಎಂಕೆಫಲಿನ್, ಬೀಟಾ ಎಂಡಾರ್ಫಿನ್ ಹೊರಬರುತ್ತವೆ, 100 ಹರ್ಟ್ಸ್‌ನಲ್ಲಿ ಡೈನಾರ್ಫಿನ್, ಎಲ್ಲವೂ ದೇಹದ್ದೇ ಅಫೀಮುಗಳು. ಎರಡನ್ನೂ ಮೂರು ಮೂರು ಸೆಕೆಂಡಿಗೆ ಬದಲಾಯಿಸಿದರೆ ಎಲ್ಲವೂ ಒಟ್ಟಿಗೆ ಸಿಗುತ್ತವೆ. ಗುಂಡಿ ತಿರುಗಿಸುತ್ತಾ ಹೋಗಿ ಸ್ನಾಯು ಸಣ್ಣಗೆ ಅದುರುವಲ್ಲಿಗೆ, ರೋಗಿ ಸಹಿಸುವಲ್ಲಿಗೆ ನಿಲ್ಲಿಸಬೇಕು. ಕಾಲು ಗಂಟೆಯ ಮೇಲೆ ರೋಗಿಗೆ ಅದುರುವುದು ಕಡಿಮೆಯಾದಂತೆ ಕಂಡರೆ ತುಸು ಏರಿಸಬಹುದು. 20ರಿಂದ 30 ನಿಮಿಷ ಸಾಕು. ಹೆಚ್ಚು ಹೊತ್ತು ಕೊಟ್ಟರೆ ಹೆಚ್ಚು ಲಾಭ ಎನ್ನುವುದು ತಪ್ಪು ಲೆಕ್ಕ. ಗಂಟೆಗಟ್ಟಲೆ ಕರೆಂಟು ಕೊಟ್ಟ ಇಲಿಗಳಲ್ಲಿ ಕೊಲಿಸಿಸ್ಟೊಕೈನಿನ್ ಎಂಬ ಎದುರಾಳಿ ವಸ್ತು ಏರಿ, ಸೂಜಿಯ ಫಲವನ್ನೇ ತಿಂದುಹಾಕಿತು. ಮಾರ್ಫಿನ್‌ಗೆ ದೇಹ ಒಗ್ಗಿಹೋಗುತ್ತದಲ್ಲ, ಹಾಗೆ. ದಿನ ಬಿಟ್ಟು ದಿನ ಅಥವಾ ವಾರಕ್ಕೆ ಎರಡು ಸಲ ಎಂಬ ರೂಢಿಗೆ ಇದು ಒಳ್ಳೆಯ ಕಾರಣ.

ಎಷ್ಟು ಸಲ? ಅಮೆರಿಕದ ಮೆಡಿಕೇರ್ ವಿಮೆ 2020ರ ಜನವರಿಯಿಂದ ದೀರ್ಘಕಾಲದ ಸೊಂಟನೋವಿಗೆ 90 ದಿನದಲ್ಲಿ 12 ಸಲ ಕೊಡುತ್ತದೆ. ಗುಣ ಕಂಡರೆ ಇನ್ನೂ 8, ವರ್ಷಕ್ಕೆ 20ರ ಮೇಲಿಲ್ಲ. ಗುಣ ಕಾಣದಿದ್ದರೆ ನಿಲ್ಲಿಸಲೇಬೇಕು. ಚಿಕಿತ್ಸೆಗೆ ಮಾರ್ಗಸೂಚಿ ಹೊರಡಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಸೊಂಟನೋವಿಗೆ ಅಕ್ಯುಪಂಕ್ಚರ್ ಬೇಡ ಎಂದಿತು. ಅದೇ ಸಂಸ್ಥೆ 2021ರಲ್ಲಿ, ಬೇರೆ ಕಾರಣ ಕಾಣದ ದೀರ್ಘಕಾಲದ ನೋವಿಗೆ ಒಟ್ಟು ಐದು ಗಂಟೆ ಮೀರದಂತೆ ಒಂದು ಸುತ್ತು ಕೊಟ್ಟು ನೋಡಬಹುದು ಎಂದಿತು. ಒಂದೇ ಪುರಾವೆಯ ರಾಶಿಯನ್ನು ತಜ್ಞರು ಎರಡು ರೀತಿ ಓದಿದ್ದಾರೆ, ಮುಚ್ಚಿಡುವಂಥದ್ದೇನೂ ಇಲ್ಲ. ಆದರೆ ಎಲ್ಲರೂ ಒಂದು ಮಿತಿ ಹಾಕಿದ್ದಾರೆ ಎಂಬುದನ್ನು ಗಮನಿಸಿ. ನಮ್ಮಲ್ಲಿ ‘40 ಸಿಟ್ಟಿಂಗ್ ಪ್ಯಾಕೇಜ್, ಹಣ ಮೊದಲೇ ಕಟ್ಟಿ’ ಎಂಬ ಬೋರ್ಡುಗಳಿಗೆ ಅಂಥ ಮಿತಿಯೇ ಇಲ್ಲ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ನೋವು ಎಷ್ಟು, ನಡೆಯಲಾಗುವ ದೂರ ಎಷ್ಟು, ರಾತ್ರಿ ಎಷ್ಟು ಸಲ ಎಚ್ಚರ, ವಾರಕ್ಕೆ ಎಷ್ಟು ನೋವಿನ ಮಾತ್ರೆ ಎಂದು ಮೊದಲ ದಿನವೇ ಬರೆದಿಟ್ಟುಕೊಳ್ಳಿ. ಆರು ಸಲ ಆದ ಮೇಲೆ ಮತ್ತೆ ಬರೆಯಿರಿ. ನೋವು 7ರಿಂದ 5ಕ್ಕೆ ಇಳಿದಿದ್ದರೆ, ಮಾತ್ರೆ ಕಡಿಮೆಯಾಗಿದ್ದರೆ ಮುಂದುವರಿಸಬಹುದು. ಮೊದಲ ದಿನ ಎರಡು ಗಂಟೆ ಹಾಯೆನಿಸಿ ಮತ್ತೆ ನೋವು ಬಂದರೆ ಹೆದರಬೇಕಿಲ್ಲ. ಆರಂಭದಲ್ಲಿ ಹಾಗೆಯೇ, ಆರಾಮದ ಅವಧಿ ಸಲದಿಂದ ಸಲಕ್ಕೆ ಉದ್ದವಾಗುತ್ತಿದೆಯೇ ಎಂಬುದೇ ಮುಖ್ಯ. ಆ ಬಿಡುವಿನಲ್ಲಿ ನಡಿಗೆ, ಬೆನ್ನಿನ ವ್ಯಾಯಾಮ ಮಾಡದೆ ಮಲಗಿಬಿಟ್ಟರೆ ಸೂಜಿಯ ಅರ್ಧ ಹಣ ದಂಡ.

ತಪ್ಪಾಗುವುದು ಎಲ್ಲಿ ಎಂಬುದಕ್ಕೂ ಲೆಕ್ಕವಿದೆ. ಜರ್ಮನಿಯಲ್ಲಿ 2,29,230 ರೋಗಿಗಳನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ನೂರಕ್ಕೆ 8.6 ಮಂದಿಗೆ ಏನಾದರೊಂದು ಸಣ್ಣ ತೊಂದರೆಯಾಗಿತ್ತು, ಹೆಚ್ಚಿನದು ರಕ್ತ ಜಿನುಗುವುದು, ನೀಲಿಗಟ್ಟುವುದು. ಶ್ವಾಸಕೋಶಕ್ಕೆ ಸೂಜಿ ತಾಗಿ ಅದರ ಸುತ್ತ ಎದೆಯೊಳಗೆ ಗಾಳಿ ತುಂಬಿಕೊಂಡದ್ದು ಇಬ್ಬರಿಗೆ. ಅಪರೂಪ, ಆದರೆ ಯಾವ ಜಾಗ ಎಂದು ಗೊತ್ತಿರಬೇಕು: ಕತ್ತು ಮತ್ತು ಹೆಗಲ ನಡುವಿನ ದಿಣ್ಣೆ, ಬೆನ್ನಿನ ಮೇಲ್ಭಾಗ. ಸಣಕಲು ಮೈಯವರಲ್ಲಿ ಅಲ್ಲಿ ಒಂದೆರಡು ಸೆಂಟಿಮೀಟರ್ ಆಳಕ್ಕೇ ಶ್ವಾಸಕೋಶದ ಪೊರೆ ಸಿಗುತ್ತದೆ. ತಿಳಿದವರು ಅಲ್ಲಿ ಸ್ನಾಯುವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಓರೆಯಾಗಿ ಚುಚ್ಚುತ್ತಾರೆ, ನೇರ ಕೆಳಕ್ಕಲ್ಲ. ಚಿಕಿತ್ಸೆಯಾದ ಕೆಲವು ಗಂಟೆಗಳ ಮೇಲೂ ಉಸಿರೆಳೆದರೆ ಎದೆ ಚುಚ್ಚುವುದು, ಏದುಸಿರು ಶುರುವಾದರೆ ‘ಸೂಜಿಯ ನೋವು, ಹೋಗುತ್ತೆ’ ಎಂದು ಮಲಗದೆ ತುರ್ತು ಚಿಕಿತ್ಸೆಗೆ ಓಡಬೇಕು.

ತಲೆ ಸುತ್ತಿ ಬೀಳುವುದು ಇದಕ್ಕಿಂತ ಸಾಮಾನ್ಯ. ಖಾಲಿ ಹೊಟ್ಟೆ, ಹೆದರಿಕೆ, ಕೂತುಕೊಂಡೇ ಚುಚ್ಚಿಸಿಕೊಳ್ಳುವುದು ಅದಕ್ಕೆ ಕಾರಣ. ಮೊದಲ ಸಲ ಮಲಗಿಸಿಯೇ ಚುಚ್ಚಬೇಕು. ಮುಖ ಬಿಳಿಚಿ ಬೆವರಿದರೆ ಸೂಜಿಗಳನ್ನೆಲ್ಲ ತೆಗೆದು ಕಾಲು ಎತ್ತರಕ್ಕಿಡಬೇಕು. ಸೂಜಿ ಸಿಕ್ಕಿಕೊಂಡರೆ ಜಗ್ಗಬಾರದು. ಸ್ನಾಯು ಬಿಗಿದಿರುತ್ತದೆ, ಇಲ್ಲವೇ ಒಂದೇ ದಿಕ್ಕಿಗೆ ಅತಿಯಾಗಿ ತಿರುಗಿಸಿರುತ್ತಾರೆ. ಸುತ್ತ ಮೆಲ್ಲಗೆ ತಟ್ಟಿ, ಹಿಮ್ಮುಖವಾಗಿ ತಿರುಗಿಸಿದರೆ ಬಿಡುತ್ತದೆ. ಪೇಸ್‌ಮೇಕರ್ ಇದ್ದವರಿಗೆ ಕರೆಂಟಿನ ಸೂಜಿ ಕೂಡದು, ಯಾರಿಗೇ ಆಗಲಿ ಎದೆಗೆ ಅಡ್ಡಲಾಗಿ ಕರೆಂಟು ಹಾಯಿಸಬಾರದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಮೊದಲೇ ಹೇಳಬೇಕು.

ಸೂಜಿಗೇ ಹೋಗಬಾರದ ನೋವುಗಳೂ ಇವೆ. ಸೊಂಟನೋವಿನ ಜತೆ ಮೂತ್ರ ಕಟ್ಟುವುದು ಅಥವಾ ಗೊತ್ತಿಲ್ಲದೆ ಹೋಗುವುದು, ತೊಡೆಸಂದಿನ ಸುತ್ತ ಮರಗಟ್ಟುವುದು, ಕಾಲಿನ ಶಕ್ತಿ ಕುಸಿಯುವುದು ಕಂಡರೆ ಅಂದೇ ಆಸ್ಪತ್ರೆ ಸೇರಬೇಕು, ತಡವಾದಷ್ಟೂ ನರ ಮರಳುವುದು ಕಷ್ಟ. ಸಂಜೆ ಜ್ವರ, ತೂಕ ಇಳಿಕೆ, ರಾತ್ರಿ ಮಲಗಿದಾಗ ಹೆಚ್ಚುವ ಬೆನ್ನುನೋವು ಎಂದರೆ ನಮ್ಮ ದೇಶದಲ್ಲಿ ಮೊದಲು ಬೆನ್ನುಮೂಳೆಯ ಕ್ಷಯವನ್ನು ನೆನೆಯಬೇಕು. ಸೂಜಿಯಿಂದ ಹೊರಬರುವ ಎಂಡಾರ್ಫಿನ್ ಈ ಕ್ಷಯದ ನೋವನ್ನೂ ತುಸು ತಗ್ಗಿಸೀತು, ರೋಗ ಒಳಗೇ ಬೆಳೆಯುತ್ತಿರುವುದು ತಿಳಿಯದೆ ಹೋದೀತು. ಅಪಾಯ ಇರುವುದೇ ಅಲ್ಲಿ.

ಯಾರ ಬಳಿ ಹೋಗಬೇಕು ಎಂಬುದು ಕೊನೆಯ ಮಾತು. ಈ ವಿದ್ಯೆ ನಮ್ಮ ದೇಶಕ್ಕೆ ಬಂದದ್ದು ವೈದ್ಯರ ಕೈಯಿಂದಲೇ. 1938ರಲ್ಲಿ ಚೀನಾಕ್ಕೆ ಹೋದ ಭಾರತೀಯ ವೈದ್ಯರ ತಂಡದಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅವರ ಜತೆಗಿದ್ದ ಡಾ. ಬಿ.ಕೆ. ಬಸು, 1950ರ ದಶಕದ ಕೊನೆಯಲ್ಲಿ ಮತ್ತೆ ಅಲ್ಲಿಗೆ ಹೋಗಿ ಕಲಿತು ಬಂದು ಕೋಲ್ಕತ್ತದಲ್ಲಿ ಶುರುಮಾಡಿದರು. ಕೇಂದ್ರ ಆರೋಗ್ಯ ಸಚಿವಾಲಯ 2019ರಲ್ಲಿ ಇದಕ್ಕೆ ಮಾನ್ಯತೆ ಕೊಟ್ಟಿತು. ಮಹಾರಾಷ್ಟ್ರದಲ್ಲಿ ಇದಕ್ಕೆಂದೇ ಕಾಯ್ದೆ ಇದೆ. ನಮ್ಮ ರಾಜ್ಯದಲ್ಲಿ ಉಜಿರೆಯಂಥ ಕಡೆಯ ಪ್ರಕೃತಿ ಚಿಕಿತ್ಸಾ ಕಾಲೇಜುಗಳ ಬಿಎನ್‌ವೈಎಸ್ ಪದವಿಯಲ್ಲಿ ಅಂಗರಚನೆಯ ಜತೆ ಅಕ್ಯುಪಂಕ್ಚರನ್ನೂ ಕಲಿಸುತ್ತಾರೆ. ವಾರಾಂತ್ಯದ ಎರಡು ದಿನದ ಶಿಬಿರದಲ್ಲಿ ಕಲಿತು ಸೂಜಿ ಹಿಡಿದವರೂ ಅದೇ ರಸ್ತೆಯಲ್ಲಿ ಬೋರ್ಡು ಹಾಕಿರುತ್ತಾರೆ. ಓದಿದ್ದೇನು, ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ (ಕೆಪಿಎಂಇ) ಕ್ಲಿನಿಕ್ಕಿನ ನೋಂದಣಿ ಎಲ್ಲಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಸೂಜಿಯ ಪ್ಯಾಕೆಟ್ಟನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು, ಮೇಲೆ ಸ್ಟೆರೈಲ್ ಎಂಬ ಗುರುತು ಮತ್ತು ಅವಧಿ ಮುಗಿಯುವ ತಾರೀಕು ಇರಬೇಕು. ಡೆಟಾಲ್‌ನಲ್ಲಿ ಅದ್ದಿಟ್ಟ ಸೂಜಿ, ‘ನಿಮ್ಮದೇ ಹೆಸರಿನ ಡಬ್ಬಿಯಲ್ಲಿ ಇಟ್ಟಿದ್ದೇವೆ’ ಎನ್ನುವ ಸೂಜಿ, ಎರಡೂ ಬೇಡ. ಹೆಪಟೈಟಿಸ್ ಬಿ ವೈರಾಣು ಅಷ್ಟಕ್ಕೆ ಸಾಯುವುದಿಲ್ಲ. ಬಳಸಿದ್ದು ಬಿಳಿಯ, ಚುಚ್ಚಿದರೆ ತೂತಾಗದ ಡಬ್ಬಕ್ಕೆ ಹೋಗಬೇಕು, ಕಸದ ಬುಟ್ಟಿಗಲ್ಲ. ಚುಚ್ಚುವಾಗ ಎಷ್ಟು ಸೂಜಿ ಎಂದು ಎಣಿಸಿಕೊಳ್ಳಿ, ತೆಗೆಯುವಾಗಲೂ ಎಣಿಸಿ. ಕೂದಲೊಳಗೆ, ಕಿವಿಯ ಹಿಂದೆ, ಪಾದದ ಬದಿಯಲ್ಲಿ ಒಂದು ಉಳಿದು ಹೋಗುವುದುಂಟು. ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ಅದು ತಿಳಿಯುವುದು.

— ನೋವು ಚಿಕಿತ್ಸೆಯ ಇಬ್ಬರು ವೈದ್ಯರು, ಮೈಸೂರು